ನಾಟಕದವರಿಗೆ ರೂಮು: ದಾವಣಗೆರೆಯಲ್ಲಿ ಬಿಡಾರ ಹೂಡುವ ಬಗೆ

ದಾವಣಗೆರೆಯಲ್ಲಿ ಕಂಪನಿ ಕ್ಯಾಂಪಿಗೆ, ಅಂದರೆ ಊರಲ್ಲಿ ಕೆಲವು ತಿಂಗಳು ಬೀಡುಬಿಟ್ಟು ದಿನಾ ಆಟ ಆಡುವ ನಾಟಕ ಕಂಪನಿಗೆ ಸೇರಿದ್ದೀರಾ? ಮೂರ್ನಾಲ್ಕು ತಿಂಗಳಿಗೆ ರೂಮು ಬೇಕಾ? ಹಾಗಿದ್ದರೆ ಹಗಲು ನೋಡಿ ಬಂದು ಅಡ್ವಾನ್ಸ್ ಕೊಡಬೇಡಿ. ರಾತ್ರಿ ಹನ್ನೆರಡರ ಮೇಲೆ ಒಮ್ಮೆ ಆ ಬೀದಿಗೆ ಹೋಗಿ ನಿಲ್ಲಿ. ನಾವು ದಿನಾ ಮನೆಗೆ ಬರುವ ಹೊತ್ತು ಅದೇ ತಾನೆ? ಬೀದಿ ದೀಪ ಉರಿಯುತ್ತದಾ, ನಾಯಿಗಳ ದಂಡು ಎಷ್ಟಿದೆ, ಗೇಟಿಗೆ ಒಳಗಿನಿಂದ ಬೀಗ ಬೀಳುತ್ತದಾ, ಇವು ಯಾವುವೂ ಹಗಲು ಗೊತ್ತಾಗುವುದಿಲ್ಲ. ಮೆಟ್ಟಿಲು ಹೊರಗಡೆಯಿಂದ ಇರಲಿ. ಓನರ್ ಹಾಲ್ ದಾಟಿಕೊಂಡು ಹೋಗುವ ರೂಮು ಬಿಟ್ಟಿ ಕೊಟ್ಟರೂ ಬೇಡ.

ನಾನು ಸಿರ್ಸಿ ಕಡೆಯವಳು. ನಾಟಕದಲ್ಲಿ ಬಟ್ಟೆಯ ಕೆಲಸ ನನ್ನದು. ಹೊಲಿಯುವುದು, ಇಸ್ತ್ರಿ ಮಾಡುವುದು, ಯಾವ ಸೀನಿಗೆ ಯಾರಿಗೆ ಯಾವ ಸೀರೆ ಅಂತ ಲೆಕ್ಕ ಇಡುವುದು. ಜನ ಕಡಿಮೆ ಬಿದ್ದ ದಿನ ನರ್ಸು, ಪಕ್ಕದ ಮನೆಯಾಕೆ, ಜಗಳಗಂಟಿ ಅತ್ತೆ ಇಂಥ ಪಾತ್ರಗಳಿಗೂ ನನ್ನನ್ನೇ ನೂಕುತ್ತಾರೆ. ಊರೂರು ತಿರುಗುವ ಕೆಲಸ.

ರೂಮನ್ನು ಚಂದ ಮಾಡುವ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವರು ಹೇಳುವುದೆಲ್ಲ ಸಂಜೆ ಆರಕ್ಕೆ ಮನೆಗೆ ಬರುವವರಿಗೆ. ನಮ್ಮ ಗಡಿಯಾರ ಬೇರೆ. ದಿನಕ್ಕೆ ಎರಡು ಆಟ, ಜಾತ್ರೆ ಜೋರಿದ್ದರೆ ಮೂರು. ಕೊನೆಯ ಆಟ ಮುಗಿದು, ಬಣ್ಣ ತೆಗೆದು, ಬಟ್ಟೆ ಎಣಿಸಿ ಟ್ರಂಕಿಗೆ ಹಾಕಿ ಬಂದರೆ ರಾತ್ರಿ ಒಂದು ಗಂಟೆ. ಮೈ ಸುಸ್ತಾಗಿರುತ್ತದೆ, ತಲೆ ಮಾತ್ರ ಇನ್ನೂ ಸ್ಟೇಜ್ ಮೇಲೆಯೇ ಇರುತ್ತದೆ. ಮೂರರವರೆಗೆ ನಿದ್ದೆ ಬರಲ್ಲ. ಆ ಎರಡು ಗಂಟೆ ನೆಮ್ಮದಿಯಾಗಿ ಕಳೆದರೆ ರೂಮು ಮನೆ ಅನ್ನಿಸುತ್ತದೆ. ಅದಕ್ಕೇ ನಿಮ್ಮ ದುಡ್ಡು, ಬುದ್ಧಿ ಎರಡನ್ನೂ ಮೊದಲು ಅಲ್ಲಿಗೆ ಸುರಿಯಿರಿ. ಗೋಡೆಗೆ ಹಚ್ಚುವ ಚಿತ್ರ, ಕಿಟಕಿಯಲ್ಲಿಡುವ ಗಿಡ ಎಲ್ಲ ಆಮೇಲೆ.

ಈಗ ಜಾಗದ ಮಾತು. ಥಿಯೇಟರ್ ಹಾಕಿದ ಕಡೆಯಿಂದ ನಡೆದು ಬರುವಷ್ಟು ಹತ್ತಿರ ಇರಬೇಕು. ಆ ಹೊತ್ತಿಗೆ ಸಿಟಿ ಬಸ್ಸಿಲ್ಲ, ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ಇನ್ನೊಂದು, ದಾವಣಗೆರೆಯಲ್ಲಿ ರೈಲು ಹಳಿ ಊರ ನಡುವೆಯೇ ಹಾದು ಹೋಗುತ್ತದೆ. ರೂಮು, ಥಿಯೇಟರ್ ಎರಡೂ ಹಳಿಯ ಒಂದೇ ಬದಿಗೆ ಇದ್ದರೆ ಎಷ್ಟೋ ಸುತ್ತು ತಪ್ಪುತ್ತದೆ. ಹಳಿಗೆ ತೀರಾ ಹತ್ತಿರವೂ ಬೇಡ, ರಾತ್ರಿ ಗಾಡಿಗಳ ಹಾರ್ನ್ ಸುಮ್ನೆ ಬಿಡುವುದಿಲ್ಲ. ಮಂಡಿಪೇಟೆ, ಚೌಕಿಪೇಟೆ ಕಡೆ ಹಳೇ ಮನೆಗಳ ಮಾಳಿಗೆ ರೂಮು ಸಿಕ್ಕರೆ ಗೋಡೆ ದಪ್ಪ, ತಂಪು. ಆದರೆ ವ್ಯಾಪಾರದ ಬೀದಿಗಳವು. ನಾವು ಮಲಗಿ ಸ್ವಲ್ಪ ಹೊತ್ತಿಗೇ ಸಾಮಾನು ಇಳಿಸುವ ಗದ್ದಲ ಶುರುವಾಗುತ್ತದೆ. ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಮೆಡಿಕಲ್, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಅಂತ ಕಟ್ಟಿಸಿದ ರೂಮುಗಳು ಜಾಸ್ತಿ. ಕಾಲೇಜು ರಜೆಯ ತಿಂಗಳಲ್ಲಿ ಅವು ಖಾಲಿ ಬಿದ್ದಿರುತ್ತವೆ. ಆಗ ಓನರುಗಳೂ ಕಡಿಮೆ ತಿಂಗಳಿಗೆ ಒಪ್ಪುತ್ತಾರೆ. ಹೆಣ್ಣುಮಕ್ಕಳ ಪಿಜಿ ಮಾತ್ರ ನಮಗೆ ಆಗಿಬರುವುದಿಲ್ಲ. ಗೇಟು ಹಾಕುವ ಹೊತ್ತಿಗೆ ನಮ್ಮ ಎರಡನೇ ಆಟದ ಬೆಲ್ಲು ಹೊಡೆದಿರುತ್ತದೆ.

ಓನರ್ ಹತ್ತಿರ ಕೆಲಸ ಏನು ಅನ್ನುವುದನ್ನು ಮೊದಲ ಮಾತಲ್ಲೇ ಹೇಳಿಬಿಡಿ. ಕೆಲವರು ‘ಪ್ರೈವೇಟ್ ಕಂಪನಿ’ ಅಂತ ಹೇಳಿ ಒಳಗೆ ಸೇರಿಕೊಳ್ಳುತ್ತಾರೆ. ಕಂಪನಿ ಅನ್ನುವುದೇನೋ ನಿಜ! ಆದರೆ ಮೊದಲ ರಾತ್ರಿಯೇ ಗುಟ್ಟು ರಟ್ಟಾಗುತ್ತದೆ. ಒಂದು ಮನೆಯಲ್ಲಿ ನಾಟಕ ಅಂದ ಕೂಡಲೇ ಬಾಗಿಲು ಮುಚ್ಚಿದರು. ಮುಚ್ಚಲಿ ಬಿಡಿ, ಆ ಮನೆಯಲ್ಲಿ ದಿನಾ ಕಳ್ಳಹೆಜ್ಜೆ ಇಟ್ಟು ಮೆಟ್ಟಿಲು ಹತ್ತುವುದಕ್ಕಿಂತ ಅದೇ ವಾಸಿ. ಈಗಿನ ಓನರ್ ಅಮ್ಮನೂ ಮೊದಲು ಕೇಳಿದ್ದು ಅದೇ ಪ್ರಶ್ನೆ: “ಏನವ್ವಾ, ರಾತ್ರಿ ಒಂದಕ್ಕೆ ಬಂದ್ರೆ ಮಂದಿ ಏನಂತಾರೆ?” ಅಷ್ಟರಲ್ಲಿ ಒಳಗಿಂದ ಅವರ ಅತ್ತೆ ಬಂದರು. ನಾಟಕದಾಕೆ ಅಂತ ಗೊತ್ತಾದದ್ದೇ ತಡ, ಕಂಪನಿ ನಾಟಕದ ನಟಿ ಚಿಂದೋಡಿ ಲೀಲಾ ಅವರ ಕಥೆ ಶುರು ಮಾಡಿದರು. ಲೀಲಾ ಅವರು ಇದೇ ಊರಿನವರು. ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಕ್ಕೆ ಈ ಅತ್ತೆ ಊಟ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದದ್ದನ್ನು ಆ ಅಜ್ಜಿ ತಮ್ಮ ಮನೆಗೇ ಬಂದ ಹಾಗೆ ಹೇಳಿದರು. ಅಡ್ವಾನ್ಸಿನ ಮಾತು ಆಮೇಲೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಇಲ್ಲಿ ಅರವತ್ತು ದಾಟಿದವರು ಇರುವ ಮನೆ ಹುಡುಕಿ. ಕಂಪನಿ ನಾಟಕ ಅಂದರೆ ಅವರಿಗೆ ವಿವರಿಸಬೇಕಾಗಿಲ್ಲ. ಮೊದಲ ವಾರವೇ ಮನೆಯವರಿಗೆಲ್ಲ ಪಾಸ್ ಕೊಡಿಸಿ. ನಿಮ್ಮ ಕೆಲಸ ಕಣ್ಣಾರೆ ಕಂಡ ಮೇಲೆ ಬೀದಿಯ ಬಾಯಿಗೆ ಉತ್ತರ ಹೇಳುವ ಕೆಲಸ ಅವರದಾಗುತ್ತದೆ.

ಕರಾರು ಪತ್ರ ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಕ್ಯಾಂಪ್ ಯಾವಾಗ ಏಳುತ್ತದೋ ನಮ್ಮ ಮಾಲೀಕರಿಗೇ ಗೊತ್ತಿರುವುದಿಲ್ಲ. ಕಲೆಕ್ಷನ್ ಬಿದ್ದರೆ ಇದ್ದಕ್ಕಿದ್ದಂತೆ ಗಂಟುಮೂಟೆ. ಹಾಗಾಗಿ ಹದಿನೈದು ದಿನ ಮುಂಚೆ ಹೇಳಿದರೆ ಸಾಕು ಅನ್ನುವ ಸಾಲು ಬರೆಸಿಕೊಳ್ಳಿ. ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅಂತಲೂ ಈಗಲೇ ಕೇಳಿ.

ಊರದೇವತೆ ದುಗ್ಗಮ್ಮನ ಜಾತ್ರೆ ಇರುವ ವರ್ಷವಾದರೆ ಇನ್ನೂ ಒಂದು ಮಾತು. ಎರಡು ವರ್ಷಕ್ಕೊಮ್ಮೆ ಆಗುವ ಜಾತ್ರೆ ಅದು. ಮನೆಮನೆಗೂ ನೆಂಟರು ತುಂಬಿಕೊಳ್ಳುತ್ತಾರೆ. “ಒಂದು ವಾರ ನಿಮ್ಮ ರೂಮಲ್ಲಿ ನಮ್ಮ ಬೀಗರು ಮಲಗಲಿ” ಅನ್ನುವ ಬೇಡಿಕೆ ಬರಬಹುದು. ನಮಗೆ ಆಟ ಜಾಸ್ತಿ ಇರುವುದೂ ಅದೇ ವಾರ. ಇದನ್ನೂ ಮೊದಲೇ ನಗುನಗುತ್ತಾ ಮಾತಾಡಿಕೊಳ್ಳಿ. ಜಾತ್ರೆ ಊಟಕ್ಕೆ ಕರೆದರೆ ಮಾತ್ರ ತಪ್ಪಿಸಬೇಡಿ.

ರೂಮು ಸಿಕ್ಕಿತು. ಮೊದಲ ಕೆಲಸ ಕಿಟಕಿ. ನಾವು ಬೆಳಗ್ಗೆ ಹತ್ತರವರೆಗೆ ಮಲಗಬೇಕು, ಮಾರ್ಚ್ ಆದ ಮೇಲೆ ಇಲ್ಲಿ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತದೆ. ಬಜಾರಿನ ಪರದೆ ತೆಳು. ಸ್ಟೇಜಿನ ಪಕ್ಕದ ವಿಂಗ್‌ಗೆ ಕಟ್ಟುವ ಕರಿ ಬಟ್ಟೆ ಇರುತ್ತದಲ್ಲ, ಅದರ ಹಳೇ ತುಂಡು ಕೇಳಿ ತನ್ನಿ. ಬೆಳಕನ್ನು ಕುಡಿಯುವುದಕ್ಕೇ ಇರುವ ಬಟ್ಟೆ ಅದು. ಆದರೆ ಕರಿ ಬಟ್ಟೆ ಬಿಸಿಲನ್ನೂ ಹೀರುತ್ತದೆ. ಅದಕ್ಕೆ ಹೊರಮೈಗೆ ಹಳೇ ಬಿಳಿ ಪಂಚೆ ಸೇರಿಸಿ ಹೊಲಿಯಿರಿ. ಬಿಳಿ ಕಿಟಕಿ ಕಡೆ, ಕರಿ ರೂಮಿನ ಕಡೆ. ಕಿಟಕಿಗಿಂತ ನಾಲ್ಕೂ ಕಡೆ ಒಂದು ಗೇಣು ದೊಡ್ಡದಿರಲಿ, ಇಲ್ಲದಿದ್ದರೆ ಅಂಚಿನಿಂದ ಬೆಳಕು ಸೋರುತ್ತದೆ. ಮೊಳೆ ಹೊಡೆಯಲು ಬಿಡದ ಓನರ್ ಆದರೆ ಕಿಟಕಿ ಸರಳಿಗೇ ಲಾಡಿ ಕಟ್ಟಿ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಾದರೆ ಸಂಜೆ ಥಿಯೇಟರಿಗೆ ಹೋಗುವ ಮುಂಚೆ ತಾರಸಿಗೆ ಎರಡು ಬಕೆಟ್ ನೀರು ಚೆಲ್ಲಿ ಹೋಗಿ, ನೀರಿದ್ದರೆ. ಕ್ಯಾಂಪ್ ಮುಂದೆ ಚಿತ್ರದುರ್ಗಕ್ಕೆ ಹೋದರೆ ಈ ಪರದೆಯನ್ನು ಜೊತೆಗೇ ಒಯ್ಯಿರಿ. ಅಲ್ಲಿ ಸೆಕೆ ಇಷ್ಟು ಕಾಡುವುದಿಲ್ಲ, ಗಾಳಿ ಕಾಡುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಪರದೆಯ ಕೆಳಗಿನ ಎರಡು ಮೂಲೆಗೂ ಲಾಡಿ ಬೇಕಾಗುತ್ತದೆ.

ಆಮೇಲೆ ದೀಪ. ಬಾಡಿಗೆ ರೂಮುಗಳಲ್ಲಿ ತಲೆ ಮೇಲೆ ಒಂದು ಬಿಳಿ ಟ್ಯೂಬ್‌ಲೈಟ್ ಇರುತ್ತದೆ. ಸ್ಟೇಜ್ ಲೈಟಿನ ಕೆಳಗೆ ನಾಲ್ಕು ಗಂಟೆ ನಿಂತು ಬಂದು ಅದನ್ನು ಹಾಕಿದರೆ ಇನ್ನೊಂದು ಆಟ ಶುರುವಾದಂತೆ ಅನ್ನಿಸುತ್ತದೆ. ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಬಲ್ಬು ತನ್ನಿ, ಹೋಲ್ಡರ್ ಇರುವ ವೈರು ತನ್ನಿ, ನೆಲದ ಹತ್ತಿರ ಇಡಿ. ಗೋಡೆ ಕಡೆ ತಿರುಗಿಸಿಟ್ಟರೆ ಇನ್ನೂ ಚೆನ್ನ. ಬೆಳಕು ಕಣ್ಣಿಗಿಂತ ಕೆಳಗಿದ್ದರೆ ಮೈ ತಾನಾಗಿ ಸಡಿಲವಾಗುತ್ತದೆ. ಬಿಳಿ ಬಲ್ಬೇ ಇದ್ದರೆ ಲೈಟಿಂಗ್ ಹುಡುಗರ ಹತ್ತಿರ ಆಂಬರ್ ಜೆಲ್ಲಿನ, ಅಂದರೆ ಸ್ಟೇಜ್ ಲೈಟಿನ ಮುಂದೆ ಹಿಡಿಯುವ ಹಳದಿ ಬಣ್ಣದ ತೆಳು ಹಾಳೆಯ ತುಂಡು ಬಿದ್ದಿರುತ್ತದೆ, ಕೇಳಿ. ಎಲ್‌ಇಡಿಗೆ ಮಾತ್ರ ಅದು. ಹಳೇ ಬಿಸಿ ಬಲ್ಬಿಗೆ ಜೆಲ್ ಸುತ್ತಬೇಡಿ.

ಹಸಿವೆಯ ವಿಷಯ ಇದಕ್ಕಿಂತ ದೊಡ್ಡದು. ಕಂಪನಿ ಮೆಸ್ಸಿನ ಊಟ ಆಟದ ಮುಂಚೆ ಆಗಿರುತ್ತದೆ. ರಾತ್ರಿ ಒಂದಕ್ಕೆ ಮತ್ತೆ ಹೊಟ್ಟೆ ಕೇಳುತ್ತದೆ. ಆ ಹೊತ್ತಿಗೆ ಬಿಸ್ಕತ್ತು ತಿಂದು ಮಲಗುವವರು ಹದಿನೈದು ದಿನದಲ್ಲಿ ಊರಿಗೆ ಫೋನ್ ಮಾಡಿ ಅಳುವುದನ್ನು ನೋಡಿದ್ದೇನೆ. ಬೆಂಕಿಯ ವ್ಯವಸ್ಥೆ ಬೇಕೇ ಬೇಕು. ದೊಡ್ಡ ಸಿಲಿಂಡರಿಗೆ ವಿಳಾಸದ ದಾಖಲೆ ಕೇಳುತ್ತಾರೆ. 5 ಕೆಜಿಯ ಸಣ್ಣ ಸಿಲಿಂಡರು, ಇಂಡೇನ್‌ನವರ ‘ಛೋಟು’ ಥರದ್ದು, ಗುರುತಿನ ಚೀಟಿ ತೋರಿಸಿದರೆ ಗ್ಯಾಸ್ ಏಜೆನ್ಸಿಯಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲಿ ಕೊಡುತ್ತಾರೆ. ಒಂದು ಒಲೆ, ಒಂದು ಬಾಣಲೆ, ಒಂದು ಸಣ್ಣ ಕುಕ್ಕರ್. ಇಂಡಕ್ಷನ್ ಕೊಳ್ಳುವ ಮುಂಚೆ ರೂಮಿನ ಪಾಯಿಂಟು ಅದನ್ನು ತಡೆಯುತ್ತದಾ ಕೇಳಿ.

ಒಂದು ಗಂಟೆ ರಾತ್ರಿಯ ಊಟಕ್ಕೆ ದಾವಣಗೆರೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ ಅಂತ ನನ್ನ ತೀರ್ಮಾನ. ಯಾಕೆಂದರೆ ಮಂಡಕ್ಕಿ. ಇಲ್ಲಿ ಭಟ್ಟಿಗಳಲ್ಲಿ ಹುರಿದದ್ದು ಅಂಗಡಿಗೆ ಹೊಸದಾಗಿ ಬರುತ್ತದೆ. ಬಾಯಿ ಬಿಗಿಯಾದ ಡಬ್ಬಿಯಲ್ಲಿ ತುಂಬಿಡಿ. ಸಂಜೆ ಹೋಗುವ ಮುಂಚೆಯೇ ಈರುಳ್ಳಿ, ಹಸಿಮೆಣಸು ಹೆಚ್ಚಿ ಮುಚ್ಚಿಡಿ, ಹುರಿಗಡಲೆ ಪುಡಿ ಮಾಡಿಡಿ. ಬಂದ ಮೇಲೆ ಒಗ್ಗರಣೆ ಹಾಕಿ, ಅರಿಶಿನ ಹಾಕಿ, ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಕೂಡಲೇ ಹಿಂಡಿ ಬಾಣಲೆಗೆ ಹಾಕಿ. ಮೇಲೆ ಹುರಿಗಡಲೆ ಪುಡಿ, ಅರ್ಧ ನಿಂಬೆಹಣ್ಣು. ಮಿಕ್ಸಿಯ ಸದ್ದಿಲ್ಲ, ಕುಕ್ಕರಿನ ಸೀಟಿ ಇಲ್ಲ, ಕೆಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬೇಜಾರಾದ ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅನ್ನ ಇಲ್ಲದೆ ಆಗುವುದಿಲ್ಲ ಅನ್ನುವ ನನ್ನಂಥ ಮಲೆನಾಡಿನವರು ಮಧ್ಯಾಹ್ನ ಅನ್ನ ಮಾಡಿಕೊಳ್ಳಿ, ಊರಿಂದ ಮಿಡಿ ಉಪ್ಪಿನಕಾಯಿ ತನ್ನಿ. ರಾತ್ರಿ ರೊಟ್ಟಿಗೆ ಅದೂ ಹೊಂದುತ್ತದೆ. ಬೆಣ್ಣೆ ದೋಸೆ ದಿನಾ ತಿನ್ನುವ ತಿಂಡಿ ಅಲ್ಲ ಅಂತ ಹೊಸಬರಿಗೆ ಹೇಳಿದರೆ ನಂಬುವುದಿಲ್ಲ. ಮೊದಲ ತಿಂಗಳು ಎಲ್ಲರೂ ದಿನಾ ತಿನ್ನುತ್ತಾರೆ, ಆಮೇಲೆ ಬ್ಲೌಸು ಬಿಚ್ಚಿ ಹೊಲಿಯುವ ಕೆಲಸ ನನಗೆ.

ನೀರು. ಕಾರ್ಪೊರೇಷನ್ ನಲ್ಲಿ ನೀರು ದಿನಾ ಬರಲ್ಲ, ಬರುವುದೂ ನಾವು ಮಲಗಿರುವಾಗಲೇ. ಒಂದು ಮುಚ್ಚಳದ ಡ್ರಮ್ ಇಡಿ. ತುಂಬಿಸಲು ಓನರ್ ಮನೆಯವರನ್ನು ಒಪ್ಪಿಸಿ. ಬೋರಿನ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಜರಿ ಬಟ್ಟೆ ಮಂಕಾಗುತ್ತದೆ. ನಿಮ್ಮ ಪಾತ್ರದ ಬಟ್ಟೆ ರೂಮಿಗೆ ತಂದು ಒಗೆಯಬೇಡಿ, ನಮ್ಮ ಕೈಗೆ ಕೊಡಿ. ಕುಡಿಯಲು ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಘಟಕಗಳಿವೆ.

ಬಣ್ಣ ಮಾತ್ರ ರೂಮಿಗೆ ತರಬೇಡಿ. ಎಷ್ಟೇ ಸುಸ್ತಾಗಿರಲಿ, ಗ್ರೀನ್‌ರೂಮಿನಲ್ಲೇ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿ, ಕಡಲೆಹಿಟ್ಟಿನಲ್ಲಿ ಮುಖ ತೊಳೆದು ಬನ್ನಿ. ದಿಂಬಿನ ಕವರು ಉಳಿಯುತ್ತದೆ ಅನ್ನುವುದು ಒಂದು. ಪಾತ್ರವನ್ನು ಅಲ್ಲೇ ಬಿಟ್ಟು ಬರುವುದು ಇನ್ನೊಂದು. ಖಳನಾಯಕನ ಹುಬ್ಬು ಹೊತ್ತುಕೊಂಡು ಮೆಟ್ಟಿಲು ಹತ್ತಿದರೆ ಓನರ್ ಮಕ್ಕಳು ಹೆದರುತ್ತಾರೆ, ಆಗಿದೆ ಅದು.

ಊರಿಂದ ಏನು ತರಬೇಕು? ಕಡಿಮೆ ತನ್ನಿ. ದಿಂಬಿನ ಕವರು, ಹೊದಿಯುವ ಹಚ್ಚಡ, ನೀವು ದಿನಾ ಚಹಾ ಕುಡಿಯುವ ಲೋಟ. ಮೈಗೆ, ಮೂಗಿಗೆ, ಕೈಗೆ ಗುರುತಿರುವ ವಸ್ತುಗಳು ಸಾಕು. ಮನೆಯಲ್ಲಿ ಬಳಸುವ ಬಟ್ಟೆ ಸೋಪೇ ಇಲ್ಲೂ ಬಳಸಿ, ಹಾಸಿಗೆಯ ವಾಸನೆ ಅದೇ ಇರುತ್ತದೆ. ಉಳಿದ ಬಕೆಟ್ಟು, ಚಾಪೆ, ಹಗ್ಗ ಎಲ್ಲ ಇಲ್ಲೇ ಕೊಳ್ಳಿ. ಸಾಣೇಹಳ್ಳಿಯ ಶಿವಸಂಚಾರದಂಥ ರೆಪರ್ಟರಿಗೆ ಸೇರಿದರೆ ಲೆಕ್ಕ ಬೇರೆ. 1997ರಿಂದ ರಾಜ್ಯ ಪೂರ್ತಿ ತಿರುಗುತ್ತಿರುವ ತಂಡ ಅದು. ತಿರುಗಾಟದಲ್ಲಿ ಇಂದು ಶಾಲೆ, ನಾಳೆ ಕಲ್ಯಾಣ ಮಂಟಪ. ಅಲ್ಲಿ ದಿಂಬಿನ ಕವರು, ಲೋಟ ಎರಡೇ ಮನೆ.

ಒಬ್ಬರಿಗೇ ಬಾಡಿಗೆ ಜಾಸ್ತಿ ಆಗುತ್ತದೆ ಅಂತ ಇಬ್ಬರು ಸೇರುವುದು ಸಹಜ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಮಾತು ಬಾಯಿಪಾಠ ಮಾಡುವುದು ಜೋರಾಗಿಯಾ, ಮನಸ್ಸಿನಲ್ಲಾ? ಜೋರಾಗಿ ಅಂದರೆ ಅವರಿಗೆ ತಾರಸಿ ತೋರಿಸಿ. ಜಗಳ ಬರುವುದು ಹೆಚ್ಚಾಗಿ ಪಾತ್ರೆ ತೊಳೆಯುವುದಕ್ಕೆ. ರಾತ್ರಿ ಮಾಡಿದವರು ತೊಳೆಯುವ ಹಾಗಿಲ್ಲ ಅಂತ ನಿಯಮ ಮಾಡಿಕೊಳ್ಳಿ.

ಹಗಲು ಬಿಡುವು ಸಿಕ್ಕರೆ ರೂಮಲ್ಲೇ ಬಿದ್ದುಕೊಂಡಿರಬೇಡಿ. ಕುಂದುವಾಡ ಕೆರೆ ಏರಿ ಮೇಲೆ ನಡೆದು ಬನ್ನಿ. ಒಂದೇ ಚಹಾ ಅಂಗಡಿಗೆ, ಒಂದೇ ಖಾನಾವಳಿಗೆ ಹೋಗಿ. “ಅಕ್ಕಾರೆ, ಇವತ್ತು ಯಾವ ನಾಟಕ?” ಅಂತ ಅವರೇ ಕೇಳುವ ದಿನ ಬರುತ್ತದೆ.

ಕ್ಯಾಂಪ್ ಎತ್ತುವ ಸುದ್ದಿ ಗ್ರೀನ್‌ರೂಮಿನಲ್ಲಿ ಗುಸುಗುಸು ಆದ ದಿನವೇ ಓನರಿಗೆ ಬಾಯಿಮಾತಲ್ಲಿ ಹೇಳಿ, ಕರೆಂಟ್ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಸಣ್ಣ ಸಿಲಿಂಡರಿನ ರಸೀದಿ ಇದ್ದರೆ ಏಜೆನ್ಸಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಬಕೆಟ್ಟು, ಡ್ರಮ್ಮು, ಒಲೆ ಲಾರಿಗೆ ಹೇರುವ ಗೋಜು ಬೇಡ. ಮುಂದಿನ ಸಲ ಬರುವ ಕಂಪನಿಯವರಿಗೆ ಆಗುತ್ತದೆ ಅಂತ ಅಜ್ಜಿಗೆ ಹೇಳಿ, ಮಾಳಿಗೆ ಮೆಟ್ಟಿಲ ಕೆಳಗೆ ಜೋಡಿಸಿಟ್ಟು ಹೋಗಿ.