ನೆಲದಿಂದ ಒಂದೇ ಮೀಟರ್ ಮೇಲೆ: ಡ್ರೋನ್‌ನಲ್ಲಿ ನುಣುಪಾದ ಕೆಳಮಟ್ಟದ ಶಾಟ್‌ಗೆ ನಾನು ಅನುಸರಿಸುವ ಕ್ರಮ

ಮೂವತ್ತು ಮೀಟರ್ ಎತ್ತರದಲ್ಲಿ ಡ್ರೋನ್ ಹತ್ತು ಸೆಂಟಿಮೀಟರ್ ಏರಿಳಿದರೆ ವಿಡಿಯೊದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಅದೇ ಹತ್ತು ಸೆಂಟಿಮೀಟರ್ ಇಡೀ ಶಾಟನ್ನು ಕೆಡಿಸುತ್ತದೆ. ವೇಗಕ್ಕೂ ಇದೇ ಲೆಕ್ಕ. ಒಂದು ಮೀಟರ್ ಮೇಲೆ ಸೆಕೆಂಡಿಗೆ 2 ಮೀಟರ್ ಹೋದರೆ ನೆಲ ಕ್ಯಾಮೆರಾದ ಕೆಳಗೆ ಸರಿಯುವ ರಭಸ, ಮೂವತ್ತು ಮೀಟರ್ ಮೇಲೆ ಸೆಕೆಂಡಿಗೆ 60 ಮೀಟರ್ ಹೋದಾಗಿನಷ್ಟೇ ಇರುತ್ತದೆ. ಎತ್ತರ ಇಳಿದಷ್ಟೂ ಕೈಯ ಪ್ರತಿ ತಪ್ಪು ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ನಾನು ಮಾಡುವ ಎಲ್ಲ ಸೆಟ್ಟಿಂಗ್‌ಗಳ ಹಿಂದೆ ಇರುವುದು ಇದೊಂದೇ ಲೆಕ್ಕ.

ಆದ್ದರಿಂದ ಒಂದರಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 2ರಿಂದ 3 ಮೀಟರ್ ದಾಟುವುದಿಲ್ಲ. ನೋಡುವವರಿಗೆ ಅಷ್ಟೇ ಸಾಕಷ್ಟು ವೇಗವಾಗಿ ಕಾಣುತ್ತದೆ. ಅರ್ಧ ಮೀಟರ್‌ಗಿಂತ ಕೆಳಗೆ ಇಳಿಸುವುದೂ ಇಲ್ಲ. ಪ್ರೊಪೆಲ್ಲರ್ ತಳ್ಳಿದ ಗಾಳಿ ನೆಲಕ್ಕೆ ಬಡಿದು ವಾಪಸು ಬಂದು ಡ್ರೋನನ್ನು ಕೆಳಗಿನಿಂದ ಎತ್ತುತ್ತದೆ, ಅದು ಒಂದೇ ಸಮ ಅಲುಗಾಡುತ್ತಿರುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದಿಡುವ ಮೋಟರ್ ಜೋಡಣೆಯಾದ ಗಿಂಬಲ್ ವಾಲುವಿಕೆಯನ್ನು ಸರಿಪಡಿಸಬಲ್ಲದು, ಏರಿಳಿತವನ್ನು ಸರಿಪಡಿಸಲಾರದು. ಈ ವ್ಯತ್ಯಾಸವನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮೊದಲ ಕೆಲಸ ಹಾದಿಯನ್ನು ನಡೆದು ನೋಡುವುದು. ಡ್ರೋನ್ ಹೋಗುವ ಗೆರೆಯಲ್ಲೇ ನಡೆದು, ಬಗ್ಗಿ, ಸೊಂಟದ ಎತ್ತರದಲ್ಲಿ ಕಣ್ಣಿಟ್ಟು ನೋಡುತ್ತೇನೆ. ನಿಂತಾಗ ಕಾಣದ ಒಣ ರೆಂಬೆ, ಬೇಲಿಯ ತಂತಿ, ಜೇಡರ ಬಲೆ ಆಗ ಕಾಣುತ್ತವೆ. ಸಣ್ಣ ರೆಂಬೆಯನ್ನೂ ತಂತಿಯನ್ನೂ ಡ್ರೋನ್‌ನ ಸೆನ್ಸರ್ ನೋಡುತ್ತದೆ ಎಂದು ನಂಬಬಾರದು. ನೆಲ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನೂ ಇದೇ ನಡಿಗೆಯಲ್ಲಿ ಗಮನಿಸಬೇಕು. ತೆರೆಯ ಮೇಲೆ ಕಾಣುವ ಎತ್ತರ ಹಾರಿಸಿದ ಜಾಗದಿಂದ ಅಳೆದದ್ದು, ಕೆಳಗಿರುವ ನೆಲದಿಂದ ಅಲ್ಲ. ಇಪ್ಪತ್ತು ಮೀಟರ್ ದೂರದಲ್ಲಿ ನೆಲ ಒಂದು ಮೀಟರ್ ಏರಿದ್ದರೆ, ತೆರೆಯಲ್ಲಿ 1.2 ಎಂದು ತೋರಿಸುತ್ತಿರುವಾಗಲೇ ಡ್ರೋನ್ ಹುಲ್ಲಿಗೆ ತಗುಲುತ್ತಿರುತ್ತದೆ.

ಎತ್ತರ ಹಿಡಿದಿಡಲು ಡ್ರೋನ್ ವಾಯುಭಾರದ ಸೆನ್ಸರ್ ಜೊತೆಗೆ ಹೊಟ್ಟೆಯ ಕೆಳಗಿನ ಕ್ಯಾಮೆರಾಗಳನ್ನೂ ಬಳಸುತ್ತದೆ. ಕಲ್ಲು ಮಣ್ಣು ಬೆರೆತ, ಗುರುತುಗಳಿರುವ, ಬೆಳಕು ಚೆನ್ನಾಗಿರುವ ನೆಲದ ಮೇಲೆ ಇವು ಅಚ್ಚುಕಟ್ಟಾಗಿ ಕೆಲಸ ಮಾಡುತ್ತವೆ. ಎತ್ತರದ ಹುಲ್ಲಿನ ಮೇಲೆ ಒಮ್ಮೆ ತುದಿಯನ್ನು, ಒಮ್ಮೆ ಬುಡವನ್ನು ಅಳೆದು ಡ್ರೋನ್ ಕುಣಿಯತೊಡಗುತ್ತದೆ. ನೀರಿನ ಮೇಲಂತೂ ಅಲೆಗಳನ್ನೇ ನೆಲವೆಂದು ತಿಳಿದು ಅವುಗಳ ಜೊತೆ ತೇಲುತ್ತದೆ, ಪ್ರತಿಬಿಂಬ ನೋಡಿ ಎತ್ತರದ ಅಂದಾಜು ತಪ್ಪುತ್ತದೆ. ಹುಲ್ಲಿದ್ದರೆ ತುದಿಯಿಂದ ಇನ್ನೊಂದು ಮೀಟರ್ ಬಿಡುತ್ತೇನೆ, ನೀರಾದರೆ ಎರಡು ಮೀಟರ್‌ಗಿಂತ ಕೆಳಗೆ ಇಳಿಯುವುದಿಲ್ಲ. ಇನ್ನೊಂದು ಸಂಗತಿ: ವೇಗವಾಗಿ ಹೋಗುತ್ತಿದ್ದ ಡ್ರೋನ್ ಹಠಾತ್ತಾಗಿ ನಿಂತಾಗ ವಾಯುಭಾರದ ಲೆಕ್ಕ ಏರುಪೇರಾಗಿ ಸ್ವಲ್ಪ ಕುಸಿಯುತ್ತದೆ. ಎತ್ತರದಲ್ಲಿ ಇದು ಏನೂ ಅಲ್ಲ, ಒಂದು ಮೀಟರ್‌ನಲ್ಲಿ ನೆಲಕ್ಕೆ ಬಡಿಯಲು ಸಾಕು. ನಿಲ್ಲಿಸುವ ಮುಂಚೆಯೇ ಥ್ರಾಟಲ್ (ಎತ್ತರದ ಸ್ಟಿಕ್) ಅನ್ನು ಕೂದಲೆಳೆಯಷ್ಟು ಮೇಲಕ್ಕೆ ಒತ್ತಿರಬೇಕು.

ಇನ್ನು ಸ್ಟಿಕ್‌ಗಳ ವಿಷಯ. ನುಣುಪು ಎನ್ನುವುದು ಇಲ್ಲೇ ಹುಟ್ಟುವುದು, ಇಲ್ಲೇ ಕೆಡುವುದು. ಬರೀ ಹೆಬ್ಬೆರಳಿನಿಂದ ಒತ್ತಿದರೆ ಸ್ಟಿಕ್ ಜಿಗಿಯುತ್ತದೆ. ಹೆಬ್ಬೆರಳಿನ ತುದಿಯನ್ನು ಮೇಲಿಟ್ಟು, ತೋರುಬೆರಳನ್ನು ಪಕ್ಕಕ್ಕೆ ತಾಗಿಸಿ, ಸೂಜಿ ಹಿಡಿದ ಹಾಗೆ ಹಿಡಿಯಬೇಕು. ಸ್ಟಿಕ್ಕನ್ನು ನಡುವಿನಿಂದ ಬೇಕಾದ ಜಾಗಕ್ಕೆ ಒಯ್ಯಲು ಮೂರು ಸೆಕೆಂಡು ತೆಗೆದುಕೊಳ್ಳುತ್ತೇನೆ, ವಾಪಸು ತರಲು ನಾಲ್ಕು. ಬೆರಳು ಬಿಟ್ಟು ಸ್ಪ್ರಿಂಗ್‌ಗೆ ಒಪ್ಪಿಸಿದರೆ ಫ್ರೇಮ್ ಮುಗ್ಗರಿಸುತ್ತದೆ.

ರಿಮೋಟ್‌ನ ಸ್ಟಿಕ್‌ಗಳಿಗೆ ಸಾಮಾನ್ಯವಾಗಿ ಬಳಸುವ ಹಂಚಿಕೆಯಾದ ಮೋಡ್ 2ರಲ್ಲಿ ಎಡಗೈ ಸ್ಟಿಕ್‌ನಲ್ಲೇ ಎತ್ತರವೂ ಇದೆ, ಎಡಬಲ ತಿರುಗುವುದೂ ಇದೆ. ಎತ್ತರ ತಿದ್ದಲು ಹೋದ ಬೆರಳು ಕೊಂಚ ಓರೆಯಾದರೂ ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತದೆ. ಕೆಳಮಟ್ಟದ ಶಾಟ್‌ಗಳು ಕೆಡುವುದು ಹೆಚ್ಚಾಗಿ ಈ ಕಾರಣಕ್ಕೇ. ಅದಕ್ಕೆ ತಿರುಗುವ ಗರಿಷ್ಠ ವೇಗವನ್ನು ಸೆಕೆಂಡಿಗೆ 20 ಡಿಗ್ರಿಗೆ ಇಳಿಸಿ, ಆ ಸ್ಟಿಕ್‌ನ ಎಕ್ಸ್‌ಪೋವನ್ನು (ಸ್ಟಿಕ್ ಒತ್ತಿದ್ದಕ್ಕೆ ಡ್ರೋನ್ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬ ಸೆಟ್ಟಿಂಗ್) ನಡುಭಾಗ ಸಾಕಷ್ಟು ಮಂದವಾಗುವ ಹಾಗೆ ಹೊಂದಿಸುತ್ತೇನೆ. ಗಿಂಬಲ್ ಮೇಲೆ ಕೆಳಗೆ ಆಡುವ ವೇಗ ಸೆಕೆಂಡಿಗೆ 8ರಿಂದ 10 ಡಿಗ್ರಿ ಸಾಕು. ಡಿಜೆಐ ಡ್ರೋನ್‌ಗಳಲ್ಲಿ ಎಲ್ಲ ಚಲನೆಯನ್ನೂ ನಿಧಾನ ಮಾಡುವ ಸಿನಿ ಮೋಡ್ ಈ ಕೆಲಸಕ್ಕೆಂದೇ ಇದೆ. ಆದರೆ ಅದರಲ್ಲಿ ಬ್ರೇಕ್ ಕೂಡ ಮೆದು: ಸ್ಟಿಕ್ ಬಿಟ್ಟ ಮೇಲೂ ಡ್ರೋನ್ ಜಾರುತ್ತ ಹೋಗಿ ನಿಲ್ಲುತ್ತದೆ. ಬಯಲಿನಲ್ಲಿ ಎರಡು ಕಲ್ಲು ಇಟ್ಟು, ಪೂರ್ತಿ ವೇಗದಿಂದ ನಿಲ್ಲಲು ಎಷ್ಟು ಮೀಟರ್ ಬೇಕು ಎಂದು ಅಳೆದು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಅಷ್ಟು ಜಾಗವಿಲ್ಲದ ಕಡೆ ಆ ಶಾಟ್ ಬೇಡ.

ಅಡಚಣೆ ತಪ್ಪಿಸುವ ಸೌಲಭ್ಯ ಕೆಳಮಟ್ಟದಲ್ಲಿ ಎರಡಲಗಿನ ಕತ್ತಿ. ಪಕ್ಕದ ಗಿಡ ಕಂಡರೆ ತಾನಾಗಿ ಬ್ರೇಕ್ ಹಾಕಿ ಶಾಟ್ ಹಾಳು ಮಾಡುತ್ತದೆ. ಬೈಪಾಸ್‌ನಲ್ಲಿ ಇದ್ದರೆ ನಾವು ಹೇಳದ ಕಡೆಗೆ ತಿರುಗುತ್ತದೆ. ತೆರೆದ ಜಾಗದಲ್ಲಿ ಬ್ರೇಕ್‌ಗೆ ಇಡುತ್ತೇನೆ. ಎರಡು ಮರಗಳ ನಡುವೆ ತೂರಿಸಬೇಕಾದಾಗ ಮಾತ್ರ ಆಫ್ ಮಾಡುತ್ತೇನೆ, ಆಗ ಪಕ್ಕದಿಂದ ನೋಡಿ ಹೇಳಲು ಒಬ್ಬರು ನಿಂತಿರಲೇಬೇಕು. ಹೊರಟ ಜಾಗಕ್ಕೆ ಡ್ರೋನ್ ತಾನೇ ಮರಳುವ ರಿಟರ್ನ್ ಟು ಹೋಮ್ ಬಗ್ಗೆಯೂ ಎಚ್ಚರ ಬೇಕು. ಮರದ ಕೆಳಗೆ ಸಿಗ್ನಲ್ ಕಡಿದರೆ ಅದು ನೇರ ಮೇಲೇರಿ ಕೊಂಬೆಗೆ ಹೊಡೆಯುತ್ತದೆ. ಅಂಥ ಜಾಗದಲ್ಲಿ ಸಿಗ್ನಲ್ ಹೋದಾಗ ನಿಂತಲ್ಲೇ ತೇಲುವ ಹೋವರ್ ಆಯ್ಕೆ ಹಾಕಿರಬೇಕು. ಕೆಳಗೆ ಹಾರಿಸುವಾಗ ನೆಲ, ಗಿಡ, ನಮ್ಮದೇ ಮೈ ಅಡ್ಡ ಬಂದು ಸಿಗ್ನಲ್ ಬೇಗ ಕುಗ್ಗುತ್ತದೆ, ಮೇಲೆ ಸಿಗುವ ದೂರ ಇಲ್ಲಿ ಸಿಗುವುದಿಲ್ಲ. ಚೌಕಟ್ಟಿನಲ್ಲಿ ಮನುಷ್ಯರು ಇರಬೇಕಾದರೆ ಅವರಿಗೆ ಮೊದಲೇ ಹಾದಿ ತೋರಿಸಿ, ಡ್ರೋನ್ ಅವರ ಕಡೆಗೆ ಬರದ ಹಾಗೆ ಗೆರೆ ಹಾಕುತ್ತೇನೆ.

ಕ್ಯಾಮೆರಾದಲ್ಲಿ ನಾನು ಕಟ್ಟುನಿಟ್ಟಾಗಿರುವುದು ಶಟರ್ ವಿಷಯದಲ್ಲಿ, ಅಂದರೆ ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕು ಎಂಬುದರಲ್ಲಿ. ಸೆಕೆಂಡಿಗೆ 24 ಫ್ರೇಮ್ ಆದರೆ 1/50, 60 ಫ್ರೇಮ್ ಆದರೆ 1/120. ಹತ್ತಿರದ ನೆಲ ಓಡುವಾಗ ಅದು ಮೃದುವಾಗಿ ಮಸುಕಾಗಬೇಕು. ಶಟರ್ 1/1000 ಇದ್ದರೆ ಪ್ರತಿ ಹುಲ್ಲುಕಡ್ಡಿಯೂ ಪ್ರತಿ ಫ್ರೇಮಿನಲ್ಲಿ ಚೂಪಾಗಿ ನಿಂತು, ಓಡಿಸಿದಾಗ ಚಿತ್ರ ತಡವರಿಸುತ್ತದೆ. ಎಷ್ಟೋ ಮಂದಿ ಇದನ್ನು ಗಿಂಬಲ್ ದೋಷ ಅಂದುಕೊಳ್ಳುತ್ತಾರೆ. ಪ್ರಖರ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸ್ಪಂದನೆ) 100, ಅಪರ್ಚರ್ (ಲೆನ್ಸಿನ ತೆರಪು) ಎಫ್ 2.8 ಇದ್ದರೆ ಶಟರ್ 1/3200ರ ಆಸುಪಾಸು ಕೇಳುತ್ತದೆ. ಅದನ್ನು 1/50ಕ್ಕೆ ತರಲು ಬೆಳಕನ್ನು 64ನೇ ಒಂದು ಪಾಲಿಗೆ ಇಳಿಸಬೇಕು, ಅಂದರೆ ಲೆನ್ಸಿನ ಮುಂದೆ ಹಾಕುವ, ಬೆಳಕು ತಗ್ಗಿಸುವ ಫಿಲ್ಟರ್ ಎನ್‌ಡಿ64. ಎಫ್ 1.7ರ ಕ್ಯಾಮೆರಾಗೆ ಎನ್‌ಡಿ128, ಕೆಲವೊಮ್ಮೆ 256. ಮೋಡವಿದ್ದರೆ 16 ಅಥವಾ 8 ಸಾಕಾಗುತ್ತದೆ. ಫಿಲ್ಟರನ್ನು ಡ್ರೋನ್ ಆನ್ ಮಾಡುವ ಮೊದಲೇ ಹಾಕಬೇಕು. ಗಿಂಬಲ್ ಜೀವಂತ ಇರುವಾಗ ತಿರುಗಿಸಿದರೆ ಮೋಟರ್‌ಗೆ ಪೆಟ್ಟು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡೂ ಲಾಕ್. ಆಟೊಫೋಕಸ್ ಇದ್ದರೆ ಅದನ್ನೂ ಒಂದು ದೂರಕ್ಕೆ ನಿಲ್ಲಿಸಬೇಕು, ಇಲ್ಲದಿದ್ದರೆ ಮುಂದೆ ಹಾದುಹೋಗುವ ಪ್ರತಿ ಎಲೆಯನ್ನೂ ಹುಡುಕುತ್ತದೆ.

ಜಾಗ ಇಕ್ಕಟ್ಟಾಗಿಲ್ಲದಿದ್ದರೆ ಮಾತ್ರ ಮೊದಲು ಹೇಳಿದ ವೇಗದ ಮಿತಿ ಮೀರಿ, 60 ಫ್ರೇಮ್‌ನಲ್ಲಿ ಸೆಕೆಂಡಿಗೆ 5 ಮೀಟರ್ ಹಾರಿಸಿ, ಎಡಿಟಿಂಗ್‌ನಲ್ಲಿ 24ಕ್ಕೆ ಇಳಿಸುತ್ತೇನೆ. ಎರಡೂವರೆ ಪಟ್ಟು ನಿಧಾನವಾಗಿ, ಸೆಕೆಂಡಿಗೆ 2 ಮೀಟರ್ ಹೋದ ಹಾಗೆ ಕಾಣುತ್ತದೆ. ಡ್ರೋನ್‌ನ ಸಣ್ಣ ನಡುಕಗಳೂ ಅಷ್ಟೇ ಪಟ್ಟು ನಿಧಾನವಾಗಿ ಕರಗಿಹೋಗುತ್ತವೆ.

ಬೆಳಕಿನ ದಿಕ್ಕು ಆರಿಸುವಾಗ ಡ್ರೋನ್‌ನ ನೆರಳನ್ನು ಮರೆಯಬಾರದು. ಸೂರ್ಯ ಬೆನ್ನ ಹಿಂದೆ 15 ಡಿಗ್ರಿ ಮೇಲಿದ್ದರೆ, ಒಂದು ಮೀಟರ್ ಎತ್ತರದ ಡ್ರೋನ್‌ನ ನೆರಳು ಸುಮಾರು 3.7 ಮೀಟರ್ ಮುಂದೆ, ಸರಿಯಾಗಿ ಚೌಕಟ್ಟಿನೊಳಗೇ ಬೀಳುತ್ತದೆ. ಸೂರ್ಯ ಪಕ್ಕದಲ್ಲಿದ್ದರೆ ಆ ತೊಂದರೆಯೂ ಇಲ್ಲ, ಹುಲ್ಲಿನ ಅಂಚಿಗೆ ಹೊಳಪೂ ಬರುತ್ತದೆ.

ಗಿಂಬಲ್ಲನ್ನು ಸೊನ್ನೆಗಿಂತ (ಕ್ಯಾಮೆರಾ ನೇರ ಎದುರು ನೋಡುವ ಮಟ್ಟ) 5ರಿಂದ 8 ಡಿಗ್ರಿ ಕೆಳಗೆ ಬಾಗಿಸುತ್ತೇನೆ. ಹತ್ತಿರದ ನೆಲ ಚೌಕಟ್ಟಿನ ಬುಡದಲ್ಲಿ ಹರಿಯುತ್ತದೆ, ಎದುರುಗಾಳಿಗೆ ಡ್ರೋನ್ ಮೂಗು ತಗ್ಗಿಸಿದಾಗ ಪ್ರೊಪೆಲ್ಲರ್ ಮೇಲಂಚಿನಲ್ಲಿ ಇಣುಕುವುದೂ ತಪ್ಪುತ್ತದೆ. ಹಿಂದಕ್ಕೆ ಸರಿಯುವ ಶಾಟ್‌ನಲ್ಲಿ ಬೇರೆಯೇ ತೊಡಕು. ಡ್ರೋನ್ ಆಗತಾನೇ ದಾಟಿ ಬಂದ ಹುಲ್ಲು ಅದರ ಗಾಳಿಗೆ ಚಡಪಡಿಸುತ್ತಿರುವುದು ಚೌಕಟ್ಟಿನ ಕೆಳಭಾಗದಲ್ಲೇ ಕಾಣುತ್ತದೆ. ಮುಂದಕ್ಕೆ ಹಾರುವಾಗ ಆ ಗಾಳಿ ಕ್ಯಾಮೆರಾದ ಹಿಂದೆ ಉಳಿಯುತ್ತದೆ. ಆದ್ದರಿಂದ ಮುಂದಕ್ಕೆ ಹಾರಿಸಿ, ಎಡಿಟಿಂಗ್‌ನಲ್ಲಿ ಕ್ಲಿಪ್ಪನ್ನು ಕೊನೆಯಿಂದ ಮೊದಲಿಗೆ ಓಡಿಸುತ್ತೇನೆ. ಹೊಗೆ, ಹರಿಯುವ ನೀರು, ನಡೆಯುವ ಜನ ಇರಬಾರದು, ಅಷ್ಟೇ.

ಕಂಪನಕ್ಕೆ ಮೂಲ ಹೆಚ್ಚಾಗಿ ಪ್ರೊಪೆಲ್ಲರ್. ಪ್ರತಿ ಸಲ ಹಾರಿಸುವ ಮೊದಲು ಉಗುರನ್ನು ರೆಕ್ಕೆಯ ಅಂಚಿನುದ್ದಕ್ಕೂ ಎಳೆಯುತ್ತೇನೆ. ಕಣ್ಣಿಗೆ ಕಾಣದ ಸಣ್ಣ ಕಚ್ಚು ಉಗುರಿಗೆ ಸಿಕ್ಕುತ್ತದೆ. ಸಿಕ್ಕರೆ ಆ ಪ್ರೊಪೆಲ್ಲರ್ ಬದಲಾಯಿಸಬೇಕು, ಇಲ್ಲದಿದ್ದರೆ ಚಿತ್ರ ಜೆಲ್ಲಿಯ ಹಾಗೆ ನಡುಗುತ್ತದೆ.

ರೆಕಾರ್ಡಿಂಗ್ ಶುರುಮಾಡಿ ಐದು ಸೆಕೆಂಡು ನಿಂತಲ್ಲೇ ತೇಲಿಸುತ್ತೇನೆ. ಜೋರಾಗಿ ತಿರುಗಿ ಬಂದ ಮೇಲೆ ದಿಗಂತ ಕೆಲಹೊತ್ತು ವಾಲಿರುತ್ತದೆ, ಅದು ನೆಟ್ಟಗಾಗಲು ಸಮಯ ಬೇಕು. ಬೇಕಾದ ಜಾಗಕ್ಕಿಂತ ಹತ್ತು ಮೀಟರ್ ಹಿಂದಿನಿಂದ ಹೊರಟು, ಆ ಜಾಗ ಬರುವಷ್ಟರಲ್ಲಿ ವೇಗ ಒಂದೇ ಸಮ ಆಗಿರುವ ಹಾಗೆ ನೋಡಿಕೊಂಡು, ದಾಟಿದ ಮೇಲೂ ಹತ್ತು ಮೀಟರ್ ಮುಂದುವರಿಸುತ್ತೇನೆ. ಅದೇ ಗೆರೆಯಲ್ಲಿ ಮೂರು ಸಲ. ಕೆಳಗಿಳಿಸಿದ ಕೂಡಲೇ ಕ್ಲಿಪ್ಪನ್ನು ದೊಡ್ಡದು ಮಾಡಿ ನೋಡುವುದು ಎರಡೇ ಕಡೆ: ದಿಗಂತದ ಗೆರೆ, ಚೌಕಟ್ಟಿನ ಕೆಳಗಿನ ಎರಡು ಮೂಲೆ. ಮೂಲೆಯಲ್ಲಿ ನೆಲ ತಡೆದು ತಡೆದು ಸರಿಯುತ್ತಿದ್ದರೆ, ಬ್ಯಾಟರಿ 40 ಪ್ರತಿಶತಕ್ಕಿಂತ ಮೇಲಿರುವಾಗಲೇ ನಾಲ್ಕನೇ ಸಲ ಹಾರಿಸುತ್ತೇನೆ.