ಏಳನೆಯ ಮಹಡಿಯಲ್ಲಿ ಏರಿದ ತೂಕ

ಸಾಗರ ಪಟ್ಟಣದ ಹತ್ತಿರದ ಹಳ್ಳಿಮನೆಯಿಂದ ಬೆಂಗಳೂರಿನ ಮಗನ ಮನೆಗೆ ಬಂದಾಗ ನನಗೆ 61 ವರ್ಷ, ತೂಕ 56 ಕಿಲೋ. ಕೆಲವೇ ವರ್ಷಗಳಲ್ಲಿ ಅದು 67ಕ್ಕೆ ಏರಿತು. ತಿನ್ನುವುದು ಹೆಚ್ಚಾಗಿದೆ ಎಂದು ಮನೆಯವರೂ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ನೆಂಟರೂ ಹೇಳಿದರು. ಥೈರಾಯ್ಡ್, ಸಕ್ಕರೆ ಪರೀಕ್ಷೆಗಳಲ್ಲಿ ದೋಷವೇನೂ ಕಾಣದಿದ್ದಾಗ, ತಟ್ಟೆಯನ್ನು ದೂರುವ ಮೊದಲು ನನ್ನ ದಿನಚರಿ ಹೇಗೆ ಬದಲಾಗಿದೆ ಎಂದು ಲೆಕ್ಕ ಹಾಕಲು ಕುಳಿತೆ.

ಊರಿನಲ್ಲಿ ನಾನು ವ್ಯಾಯಾಮವೆಂಬುದನ್ನು ಮಾಡಿದವಳಲ್ಲ. ಆದರೆ ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸುವುದು, ಕೊಟ್ಟಿಗೆಗೂ ತೋಟಕ್ಕೂ ಹತ್ತಿ ಇಳಿಯುವುದು, ನೆಲದ ಮೇಲೆ ಕುಳಿತು ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವುದು, ಇವೆಲ್ಲ ಬೆಳಗಿನಿಂದ ಸಂಜೆಯವರೆಗೆ ಮೈಯನ್ನು ದುಡಿಸುತ್ತಿದ್ದವು. ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ನೀರು ನಲ್ಲಿಯಲ್ಲಿ ಬರುತ್ತದೆ, ಕಸ ಬಾಗಿಲಿನಿಂದಲೇ ಹೋಗುತ್ತದೆ, ಹತ್ತಿಳಿಯಲು ಲಿಫ್ಟ್ ಇದೆ. ಊಟ ಮಾತ್ರ ಊರಿನ ಅಳತೆಯಲ್ಲೇ ಉಳಿದಿತ್ತು. ಅದರ ಮೇಲೆ ಮೊಮ್ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಸಂಜೆ ಟಿವಿಯ ಮುಂದಿನ ಕೋಡುಬಳೆ. 45 ದಾಟಿದವರನ್ನು ಕುರಿತು 2017-18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆಯಲ್ಲೂ ಅತಿತೂಕವು ಹಳ್ಳಿಗಿಂತ ಪಟ್ಟಣದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಂಡಿತ್ತು ಎಂದು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗುವುದರಿಂದ ಕೊಬ್ಬು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ವಯಸ್ಸಿನೊಂದಿಗೆ ಸ್ನಾಯು ಕರಗಿ, ಸುಮ್ಮನಿರುವಾಗ ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಆದ್ದರಿಂದ ನಾನು ತೂಕದ ಯಂತ್ರಕ್ಕಿಂತ ದರ್ಜಿಯ ಟೇಪನ್ನು ಹೆಚ್ಚು ನಂಬಿದೆ. ಭಾರತೀಯ ಹೆಂಗಸರ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರಿನೊಳಗೆ ಇರಬೇಕೆನ್ನುತ್ತಾರೆ. ನನ್ನದು 94 ಇತ್ತು.

ಬೆಳಿಗ್ಗೆ ನಡೆಯಿರಿ ಎನ್ನುವುದು ಸುಲಭ. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಚಪ್ಪಡಿಗಳು ಎದ್ದಿವೆ, ಸ್ಕೂಟರುಗಳು ನಿಂತಿರುತ್ತವೆ, ಮುಂಜಾನೆ ನಾಯಿಗಳ ಹಿಂಡು ಬೇರೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತೂಕದ ಚಿಂತೆಯನ್ನೇ ಮರೆಯಬೇಕಾಗುತ್ತದೆ. ಹಾಗಾಗಿ ಕಟ್ಟಡದ ತಾರಸಿಯನ್ನು ಆರಿಸಿಕೊಂಡೆ. ಐದನೆಯ ಮಹಡಿಯ ಇಬ್ಬರು ಜೊತೆಯಾದರು. ಒಬ್ಬರು ಬರದಿದ್ದರೆ ಇನ್ನೊಬ್ಬರು ಬಾಗಿಲು ತಟ್ಟುವುದರಿಂದ ತಪ್ಪಿಸಿಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆಯ ಜೊತೆಗೆ, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. ನನ್ನ ವಯಸ್ಸಿನ ಹೆಂಗಸರು ಈ ಎರಡನೆಯದನ್ನು ಗಂಡಸರ ಕಸರತ್ತೆಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಫಲ ಕೊಟ್ಟಿದ್ದು ಅದೇ. ಕೈ ಊರದೆ ಕುರ್ಚಿಯಿಂದ ಏಳುವುದು, ನೀರು ತುಂಬಿದ ಲೀಟರ್ ಬಾಟಲಿಗಳನ್ನು ಎತ್ತಿ ಇಳಿಸುವುದು, ಇಷ್ಟನ್ನು ಫಿಸಿಯೋಥೆರಪಿಸ್ಟರಿಂದ ಕಲಿತೆ. ಮೆಟ್ಟಿಲನ್ನು ಹತ್ತಲು ಮಾತ್ರ ಬಳಸುತ್ತೇನೆ. ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚು ಬೀಳುವುದರಿಂದ ಲಿಫ್ಟ್ ಹಿಡಿಯುತ್ತೇನೆ.

ಅಡುಗೆಮನೆ ಸೊಸೆಯದು, ಆದ್ದರಿಂದ ಅವಳೊಂದಿಗೆ ಮಾತಾಡಿಯೇ ಎಲ್ಲವನ್ನೂ ಮಾಡಿದ್ದು. ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲೊರಿಯಾದರೆ ಎಣ್ಣೆಗೆ 9. ಹಾಗಾಗಿ ತಿಂಗಳ ಎಣ್ಣೆಯನ್ನು ಮೊದಲೇ ನಿಗದಿ ಮಾಡಿ, ಮುಗಿದರೆ ಮತ್ತೆ ತರುವುದಿಲ್ಲವೆಂದು ಒಪ್ಪಿಕೊಂಡೆವು. ಅನ್ನವನ್ನು ಅರ್ಧಕ್ಕಿಳಿಸಿ, ಮೊಳಕೆ ಹುರುಳಿಯ ಪಲ್ಯ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆಗಳನ್ನು ಹೆಚ್ಚಿಸಿದೆ. ಅನ್ನ ಬಿಟ್ಟು ಮುದ್ದೆ ತಿಂದರೆ ಸಣ್ಣಗಾಗುತ್ತೀರಿ ಎನ್ನುವವರಿದ್ದಾರೆ. ತೂಕಕ್ಕೆ ತೂಕ ನೋಡಿದರೆ ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ, ನಾರು ಹೆಚ್ಚಿರುವುದರಿಂದ ಬೇಗ ಹಸಿವಾಗುವುದಿಲ್ಲ, ಅಷ್ಟೆ. ಏಕಾದಶಿಯ ಫಲಾಹಾರದ ಮಾತಂತೂ ಬೇಡ; ನಮ್ಮಲ್ಲಿ ಅವಲಕ್ಕಿ, ಸಬ್ಬಕ್ಕಿ, ಬೆಲ್ಲ, ತುಪ್ಪ ಸೇರಿ ಅದು ಊಟವನ್ನೇ ಮೀರಿಸುತ್ತಿತ್ತು. ಮೊಮ್ಮಕ್ಕಳ ತಟ್ಟೆಗೆ ಈಗ ಮೊದಲ ಸಲ ಸ್ವಲ್ಪವೇ ಬಡಿಸುತ್ತೇವೆ, ಅನ್ನ ಚೆಲ್ಲಲಾರದ ನನ್ನಂಥವಳಿಗೆ ಬೇರೆ ದಾರಿ ಇರಲಿಲ್ಲ.

ಈಗ ತೂಕ 62, ಸುತ್ತಳತೆ 87. ಅವಸರದಿಂದ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಮೂಳೆಯ ಗಟ್ಟಿತನವೂ ಹೋಗುತ್ತವೆಯೆಂದು ವೈದ್ಯರು ಎಚ್ಚರಿಸಿರುವುದರಿಂದ, ಊಟವನ್ನು ಇನ್ನಷ್ಟು ತಗ್ಗಿಸದೆ ಕುರ್ಚಿಯ ವ್ಯಾಯಾಮವನ್ನು ಹೆಚ್ಚಿಸಿದ್ದೇನೆ. ಮಳೆಗಾಲದಲ್ಲಿ ತಾರಸಿ ಜಾರುತ್ತದೆ. ಆಗ ನಮ್ಮ ನಡಿಗೆ ನೆಲಮಾಳಿಗೆಯಲ್ಲಿ, ಕಾರುಗಳ ಸಾಲಿನ ನಡುವೆ.