ಗೂಡಿಗೂ ಜಾಡಿಗೂ ತೇವ ಆಗಲ್ಲ

2021ರ ನವೆಂಬರ್ ಮಳೆ ಕೋಲಾರದ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ನನಗೆ ಮಾತ್ರ ಆ ಮಳೆ ಅಂದರೆ ಕೋಳಿ ಗೂಡಿನ ವಾಸನೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ಒಂದು ತಿಂಗಳ ಮೂವತ್ತು ಮರಿಗಳಲ್ಲಿ ನಾಲ್ಕು ಮೂಲೆಯಲ್ಲಿ ನಿಂತಿದ್ದವು. ರೆಕ್ಕೆ ಜೋಲು ಬಿಟ್ಟು, ಕತ್ತು ಒಳಗೆಳೆದುಕೊಂಡು, ಚಳಿ ಹಿಡಿದ ಮುದುಕರ ಹಾಗೆ. ಹಿಕ್ಕೆಯಲ್ಲಿ ರಕ್ತ ಇತ್ತು.

ಆ ವಾರ ಹನ್ನೊಂದು ಸತ್ತವು. ಪಶು ಆಸ್ಪತ್ರೆಯ ಡಾಕ್ಟರು ಬಂದು ನೋಡಿ ಇದು ಕಾಕ್ಸಿಡಿಯೋಸಿಸ್, ರಕ್ತಭೇದಿ ಅಂದರು. ಕುಡಿಯುವ ನೀರಿಗೆ ಹಾಕಲು ಆಂಪ್ರೋಲಿಯಂ ಪುಡಿ ಬರೆದುಕೊಟ್ಟರು. ಆಮೇಲೆ ಬಗ್ಗಿ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು, ಹಿಂಡಿ, ನನ್ನ ಕೈಗಿಟ್ಟರು. ರಾಗಿ ಮುದ್ದೆ ಹಾಗೆ ಉಂಡೆ ಕಟ್ಟಿತ್ತು. 'ಔಷಧಿ ಏನೋ ಕೊಡ್ತೀನಮ್ಮ, ಇದು ಹೀಗೇ ಇದ್ರೆ ಮತ್ತೆ ಬರುತ್ತೆ' ಅಂದರು.

ತಪ್ಪು ನನ್ನದೇ. ಇರಚಲು ಹೊಡೆಯುತ್ತೆ ಅಂತ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಕಟ್ಟಿದ್ದೆ. ಮಳೆ ಒಳಗೆ ಬರಲಿಲ್ಲ ನಿಜ, ಗಾಳಿಯೂ ಬರಲಿಲ್ಲ. ನೀರಿನ ತಟ್ಟೆ ನೆಲದ ಮೇಲೇ ಇತ್ತು. ಮರಿಗಳು ಅದರೊಳಗೆ ನಿಂತು, ಚೆಲ್ಲಾಡಿ, ಸುತ್ತಲ ಹೊಟ್ಟನ್ನೆಲ್ಲ ಕೆಸರು ಮಾಡಿದ್ದವು. ಈ ರೋಗದ ಬೀಜ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ, ಬೆಚ್ಚಗಿನ ತೇವದಲ್ಲಿ ಒಂದೆರಡು ದಿನ ಬಲಿಯುತ್ತದೆ, ಮರಿ ಕೆದಕಿ ತಿಂದಾಗ ಮತ್ತೆ ಹೊಟ್ಟೆ ಸೇರುತ್ತದೆ. ಅದಕ್ಕೆ ಬೇಕಾದ್ದನ್ನೆಲ್ಲ ನಾನೇ ಒದಗಿಸಿಕೊಟ್ಟಿದ್ದೆ.

ಈಗ ದಿನಾ ಬೆಳಿಗ್ಗೆ ಆ ಹಿಡಿ ಹೊಟ್ಟಿನ ಪರೀಕ್ಷೆ ನನ್ನದು. ಹಿಂಡಿ ಬಿಟ್ಟಾಗ ಉದುರಿದರೆ ಸರಿ. ಉಂಡೆ ಕಟ್ಟಿದರೆ ಅಷ್ಟು ಭಾಗ ತೆಗೆದು ತಿಪ್ಪೆಗೆ, ಆ ಜಾಗಕ್ಕೆ ಸ್ವಲ್ಪ ಸುಣ್ಣ, ಮೇಲೆ ಒಣ ಭತ್ತದ ಹೊಟ್ಟು. ಎರಡು ದಿನಕ್ಕೊಮ್ಮೆ ಕೈಗುದ್ದಲಿಯಲ್ಲಿ ಮೇಲೆ ಕೆಳಗೆ ಮಾಡುತ್ತೇನೆ. ನೀರಿನ ಪಾತ್ರೆ ಇಟ್ಟಿಗೆ ಮೇಲೆ, ಮರಿಯ ಬೆನ್ನಿನ ಎತ್ತರಕ್ಕೆ. ಮರಿ ಬೆಳೆದ ಹಾಗೆ ಇನ್ನೊಂದು ಇಟ್ಟಿಗೆ. ಗೋಡೆ ಒಂದಡಿ ಮಾತ್ರ, ಮೇಲೆಲ್ಲ ಮೆಶ್. ಟಾರ್ಪಾಲನ್ನು ಪರದೆ ಹಾಗೆ ಸುತ್ತಿ ಇಳಿಸುವಂತೆ ಮಾಡಿದ್ದೇನೆ. ಜೋರು ಮಳೆಯಲ್ಲೂ ಮೇಲೆ ಒಂದು ಗೇಣು ತೆರೆದೇ ಇರುತ್ತದೆ.

ಲಸಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ತಪ್ಪಿಸಬೇಡಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಔಷಧಿ ಇಲ್ಲ, ಗೂಡೇ ಖಾಲಿ. ನಾನು 7ನೇ ದಿನ ಕಣ್ಣಿಗೆ ಒಂದು ಹನಿ ಲಸೋಟ (ಕೊಕ್ಕರೆ ರೋಗದ ಲಸಿಕೆ), 14ನೇ ದಿನ ಗಂಬೋರೊ ಅನ್ನುವ ಇನ್ನೊಂದು ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ ಹಾಕುತ್ತೇನೆ. ತೊಂದರೆ ಏನೆಂದರೆ, ಸೀಸೆ ನೂರಾರು ಮರಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ನಮ್ಮ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೋಳಿ ಕಾವಿಗೆ ಕೂರಿಸುತ್ತೇವೆ. ಐಸ್ ಹಾಕಿದ ಫ್ಲಾಸ್ಕ್ ಮನೆಯಿಂದ ಮನೆಗೆ ಓಡುತ್ತದೆ.

ಸಾಕಿರುವುದು ಎರಡು ಜಾತಿ. ಮೊಟ್ಟೆಗೆ ಗಿರಿರಾಜ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಟ್ಟರೆ ಇದು ಅದರ ಎರಡರಷ್ಟು ಕೊಡುತ್ತದೆ. ಆದರೆ ಕಾವು ಕೂರುವ ಆಸೆ ಇದಕ್ಕಿಲ್ಲ. ಆ ಕೆಲಸಕ್ಕೆ ನಾಟಿಯೇ ಬೇಕು. ನಮ್ಮ ಕರಿ ಹೇಟೆ ಗಿರಿರಾಜನ ಮೊಟ್ಟೆ ಮೇಲೆ 21 ದಿನ ಕೂತು, ತನ್ನದಲ್ಲದ ಮರಿಗಳನ್ನು ಹದ್ದಿನಿಂದ ಕಾಪಾಡಿಕೊಂಡು ತಿರುಗುತ್ತದೆ. ಏಳನೇ ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು ನೋಡುತ್ತೇನೆ. ಜೇಡದ ಕಾಲಿನ ಹಾಗೆ ಕೆಂಪು ಎಳೆ ಹರಡಿದ್ದರೆ ಜೀವ ಇದೆ. ಬರೀ ಬಿಳಿ ಬೆಳಕಾದರೆ ಬರಡು, ತೆಗೆದುಬಿಡುತ್ತೇನೆ.

ಇನ್ನು ಜಾಡಿಯ ಕಥೆ. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಉಪ್ಪಿನಕಾಯಿ ಜಾಡಿ ಹತ್ತಿರ ಅತ್ತೆ ನನ್ನನ್ನು ಬಿಡುತ್ತಿರಲಿಲ್ಲ. ಮಡಿ ಅಂದುಕೊಂಡು ಒಳಗೊಳಗೇ ಸಿಟ್ಟಾಗುತ್ತಿದ್ದೆ. ಅದು ಮಡಿಯಲ್ಲ, ನನ್ನ ಒದ್ದೆ ಕೈ. ಅವರ ಲೆಕ್ಕ ಹೀಗೆ: ಒಂದು ಕಿಲೋ ಮಾವಿನಕಾಯಿ ಹೋಳಿಗೆ ಕಾಲು ಕಿಲೋ ಕಲ್ಲುಪ್ಪು, ಅದನ್ನೂ ಹುರಿದು ಕುಟ್ಟಬೇಕು. ಮಾವಿನಕಾಯಿ ತೊಳೆದು, ಒರೆಸಿ, ನೆರಳಲ್ಲಿ ಆರಿಸಿ, ಆಮೇಲೆ ಈಳಿಗೆ ಮಣೆ. ಜಾಡಿಯನ್ನು ಬಿಸಿಲಿಗಿಟ್ಟು, ಕೆಂಡದ ಮೇಲೆ ಚಿಟಿಕೆ ಇಂಗು ಉದುರಿಸಿ, ಆ ಹೊಗೆಗೆ ಜಾಡಿ ಬೋರಲು ಹಾಕುತ್ತಾರೆ. ಮೇಲೆ ಒಂದು ಬೆರಳು ಎಣ್ಣೆ ನಿಲ್ಲಬೇಕು. ಅವರ ಜಾಡಿಯಲ್ಲಿ ಬೂಷ್ಟು ಬಂದದ್ದು ನಾನು ನೋಡಿಲ್ಲ. ನನ್ನದರಲ್ಲಿ ಎರಡು ಸಲ ಬಂದಿದೆ.

ಟಮೋಟ ಮಾತ್ರ ನಾನೇ ಕಲಿತದ್ದು. ನಮ್ಮಲ್ಲಿ ಟಮೋಟ ರೇಟು ಗೊತ್ತಲ್ಲ, ಒಂದು ತಿಂಗಳು ಚಿನ್ನ, ಇನ್ನೊಂದು ತಿಂಗಳು ರಸ್ತೆ ಪಾಲು. ರೇಟು ಬಿದ್ದ ಒಂದು ಸಲ ಪಕ್ಕದ ತೋಟದವರು ಎರಡು ಬಾಕ್ಸ್ ಸುಮ್ನೆ ಕೊಟ್ಟರು. ರುಬ್ಬಿ, ಸೋಸಿ, ಕುದಿಸಿ, ತೊಳೆದ ಜ್ಯೂಸ್ ಬಾಟಲಿಗೆ ತುಂಬಿ ಅಟ್ಟಕ್ಕಿಟ್ಟೆ. ಎಂಟನೇ ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದು. ಗೋಡೆ ಪೂರ್ತಿ ಕೆಂಪು. ನಮ್ಮೆಜಮಾನರು ದೊಣ್ಣೆ ಹಿಡಿದು ಎದ್ದು ಬಂದಿದ್ದರು.

ಬಾಟಲಿ ತೊಳೆದರೆ ಸಾಲದು, ತುಂಬಿದ ಮೇಲೆ ಮತ್ತೆ ಬೇಯಿಸಬೇಕು ಅಂತ ಆಮೇಲೆ ತಿಳಿಯಿತು. ಈಗ ಕುದಿಸಿದ ಬಾಟಲಿಗೆ ಬಿಸಿ ಇರುವಾಗಲೇ ರಸ ತುಂಬುತ್ತೇನೆ. ಲೀಟರಿಗೆ ಎರಡು ದೊಡ್ಡ ಚಮಚ ನಿಂಬೆರಸ, ಏಕೆಂದರೆ ಹಣ್ಣಾದ ಟಮೋಟದ ಹುಳಿಯನ್ನು ನಂಬುವ ಹಾಗಿಲ್ಲ. ಮುಚ್ಚಳ ಹಾಕಿ, ಬಾಟಲಿ ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸುತ್ತೇನೆ. ಕೋಲಾರ 800 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು ಕಡಿಮೆ ಬಿಸಿಗೇ ಕುದಿ ಬರುತ್ತದೆ, ಅದಕ್ಕೆ ಒಂದೈದು ನಿಮಿಷ ಜಾಸ್ತಿಯೇ ಬೇಕು. ಮುಚ್ಚಳ ಉಬ್ಬಿದ ಬಾಟಲಿಯನ್ನು ರುಚಿ ಕೂಡ ನೋಡಬೇಡಿ.

ನಿಜ ಹೇಳಬೇಕೆಂದರೆ ಈಗ ಬಾಟಲಿಗಿಂತ ಒಣಗಿಸುವುದೇ ನನಗಿಷ್ಟ. 15 ಕಿಲೋ ಬಾಕ್ಸ್ ಒಣಗಿಸಿದರೆ ಒಂದು ಕಿಲೋ ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ನೀರೇ ಅಲ್ವಾ! ಬಿಲ್ಲೆ ಕತ್ತರಿಸಿ, ಉಪ್ಪು ಸವರಿ, ಬಿದಿರಿನ ತಟ್ಟಿ ಮೇಲೆ ಹರಡಿ, ಸೊಳ್ಳೆ ಪರದೆ ಮುಚ್ಚುತ್ತೇನೆ. ಬಿಸಿಲು ಇಳಿಯುವ ಮೊದಲೇ ಒಳಗೆ ತರಬೇಕು, ಇಲ್ಲದಿದ್ದರೆ ಹಗಲು ಹೋದ ತೇವವನ್ನು ಇಬ್ಬನಿ ವಾಪಸ್ಸು ಕೊಡುತ್ತದೆ. ಒಣಗಿದ್ದನ್ನು ಮೊದಲು ಗಾಜಿನ ಡಬ್ಬಿಗೆ ಹಾಕಿ ನಾಲ್ಕು ದಿನ ನೋಡುತ್ತೇನೆ. ಒಳಗಡೆ ಬೆವರಿನ ಹಾಗೆ ಹನಿ ಕಂಡರೆ ಮತ್ತೆ ಬಿಸಿಲಿಗೆ. 2023ರ ಜುಲೈಯಲ್ಲಿ ಬಾಕ್ಸ್ ಎರಡು ಸಾವಿರ ದಾಟಿದಾಗ ನಮ್ಮ ಮನೆ ಸಾರಿಗೆ ಈ ಬಿಲ್ಲೆಗಳೇ ಬಿದ್ದವು. ನೆಂಟರಿಗೆ ಹೇಳಲಿಲ್ಲ, ಹೇಳಿದ್ದರೆ ಡಬ್ಬಿ ಉಳಿಯುತ್ತಿರಲಿಲ್ಲ.

ತೋಟದ ಕೊಳೆತಿಲ್ಲದ ಹಣ್ಣು, ಸೊಪ್ಪಿನ ಕಡ್ಡಿ, ರಾಗಿ ತೌಡು ಕೋಳಿಗೆ. ಗೂಡಿನ ಹೊಟ್ಟು ಆರು ತಿಂಗಳು ತಿಪ್ಪೆಯಲ್ಲಿ ಕಳಿತ ಮೇಲೆ ಬದನೆ, ಮೆಣಸಿನ ಗಿಡಕ್ಕೆ. ಹಸಿಯಾಗಿ ಹಾಕಿ ಒಂದು ಸಾಲು ಬದನೆ ಸುಟ್ಟಿದ್ದೇನೆ. ಬೂಷ್ಟು ಬಂದ ಕಾಳು ಕೋಳಿಗೆ ಹಾಕುವ ಹಾಗಿಲ್ಲ, ಮೆಕ್ಕೆಜೋಳವಂತೂ ಖಂಡಿತ ಬೇಡ. ಉಪ್ಪೂ ಅಷ್ಟೇ. ಕೆಟ್ಟ ಉಪ್ಪಿನಕಾಯಿಯನ್ನು ಹಿತ್ತಿಲಿಗೆ ಸುರಿದು, ಅವತ್ತು ಸಂಜೆಯೇ ಎರಡು ಕೋಳಿ ನೀರಿನ ಪಾತ್ರೆ ಬಿಟ್ಟು ಕದಲದೆ ನಿಂತದ್ದನ್ನು ನೋಡಿದ್ದೇನೆ. ಒಂದು ಉಳಿಯಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಇದ್ದಕ್ಕಿದ್ದಂತೆ ಮಾವಿನ ಮಳೆ ಬಂತು. ಮಾಳಿಗೆ ಮೇಲೆ ಉಪ್ಪು ಹಚ್ಚಿದ ತೋತಾಪುರಿ ಹೋಳು, ಹಿತ್ತಿಲ ಗೂಡಿನಲ್ಲಿ ಹತ್ತು ದಿನದ ಮರಿಗಳು. ಮನೆಯಲ್ಲಿ ನಾನೊಬ್ಬಳೇ. ಗೂಡಿನ ಕಡೆಗೇ ಓಡಿದೆ. ಪರದೆ ಇಳಿಸಿ, ಒಂದು ಗೇಣು ಗಾಳಿಗೆ ಬಿಟ್ಟು, ಮಾಳಿಗೆ ಹತ್ತುವಷ್ಟರಲ್ಲಿ ತಟ್ಟಿಗಳಲ್ಲಿ ನೀರು ನಿಂತಿತ್ತು. ಮತ್ತೆ ಮೂರು ದಿನ ಮೋಡ. ಉಪ್ಪು ಹಚ್ಚಿದ್ದು, ಕೋಳಿಗೂ ಹಾಕುವ ಹಾಗಿಲ್ಲ. ಅವತ್ತು ರಾತ್ರಿ ಮಾವಿನಕಾಯಿ ಸಾರು. ಮಾರನೆಯ ದಿನವೂ ಅದೇ. ಮೂರನೆಯ ದಿನ ಅತ್ತೆ ಮಾತಾಡದೆ ಮಜ್ಜಿಗೆ ಸುರಿದುಕೊಂಡು ಊಟ ಮುಗಿಸಿದರು.